ಗಡಿಯ ಮೇಲೆ ನಿಂತ ಸಾಲು

ತಂಗಿ ಹೋಗಿ ಎಂಟು ತಿಂಗಳಾಗಿತ್ತು. ಆದರೂ ಅಕ್ಕ ನೆಟ್ಟಗೆ ನಿಂತು ಓಡಾಡುತ್ತಿದ್ದಳು ಎಂದರೆ ಅದಕ್ಕಿದ್ದದ್ದು ಒಂದೇ ಊರುಗೋಲು: ತಾನು ಒಬ್ಬರನ್ನೂ ಬಿಡದೆ ನೋಡಿದ್ದೇನೆ ಎನ್ನುವ ಧೈರ್ಯ. ಏಳು ಲಕ್ಷ ತೊಂಬತ್ತು ಸಾವಿರ ಚಿಲ್ಲರೆ ಜನರಲ್ಲಿ ತಂಗಿಗೆ ಹೊಂದುವವರು ಒಬ್ಬರೂ ಇರಲಿಲ್ಲ. ಇದ್ದಿದ್ದರೆ ಸಿಗುತ್ತಿದ್ದರು. ಇರಲಿಲ್ಲ, ಸಿಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಇಷ್ಟನ್ನು ತನಗೆ ತಾನೇ ಹೇಳಿಕೊಂಡು, ಹಲ್ಲುಜ್ಜಿ, ಬಸ್ಸು ಹತ್ತಿ, ಎಂಟೂಮುಕ್ಕಾಲಿಗೆ ಕಚೇರಿಯಲ್ಲಿ ಕೂತಿರುತ್ತಿದ್ದಳು.

ಕಚೇರಿ ಎಂದರೆ ಅಸ್ಥಿಮಜ್ಜೆ ಕೊಡಲು ಒಪ್ಪಿದವರ ಪಟ್ಟಿ ಇಟ್ಟುಕೊಂಡಿರುವ ಜಾಗ. ಮೂಳೆಯ ಒಳಗೆ ರಕ್ತ ಹುಟ್ಟುವ ಆ ತಿರುಳು ಕೆಟ್ಟುಹೋದವರಿಗೆ ಇನ್ನೊಬ್ಬರದನ್ನು ಕೊಟ್ಟು ಬದುಕಿಸಬಹುದು. ಆದರೆ ಸುಮ್ಮನೆ ಯಾರದೋ ಆಗುವುದಿಲ್ಲ, ಇಬ್ಬರ ಹತ್ತು ಗುರುತುಗಳು ಹತ್ತಕ್ಕೆ ಹತ್ತು ಹೊಂದಬೇಕು. ಕೊಡಲು ಒಪ್ಪಿದವರ ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿ, ಆ ಹತ್ತು ಗುರುತು ಕಂಡುಹಿಡಿದು, ಕಂಪ್ಯೂಟರಿನ ಕೋಷ್ಟಕದಲ್ಲಿ ಒಂದು ಸಾಲಾಗಿ ಸೇರಿಸುತ್ತಾರೆ. ಪ್ರತಿ ಸಾಲಿಗೂ ಒಂದು ನಂಬರು. ಕಂಪ್ಯೂಟರಿನವರು ಅದನ್ನು ಪ್ರೈಮರಿ ಕೀ ಎನ್ನುತ್ತಾರೆ. ಒಬ್ಬರಿಗೆ ಕೊಟ್ಟ ನಂಬರು ಇನ್ನೊಬ್ಬರಿಗೆ ಸಿಗುವುದಿಲ್ಲ. ಯಾರಾದರೂ ಮನಸ್ಸು ಬದಲಿಸಿ ಹೆಸರು ವಾಪಸ್ ತೆಗೆದುಕೊಂಡರೆ ಸಾಲು ಅಳಿಸಿಹೋಗುತ್ತದೆ, ನಂಬರು ಹಾಗೇ ಖಾಲಿ ಬಿದ್ದಿರುತ್ತದೆ. ಆ ಕೋಷ್ಟಕವನ್ನು ಹನ್ನೆರಡು ವರ್ಷದಿಂದ ನೋಡಿಕೊಂಡು ಬಂದವಳು ಅಕ್ಕ. ಕಚೇರಿಯಲ್ಲಿ ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಆದರೆ ನಿಜವಾಗಿ ಅವಳು ಅಕ್ಕನಾಗಿದ್ದು ಪಿಟೀಲಿಗೆ. ಹುಟ್ಟಿದಾಗ ತಂಗಿ ಅಳುತ್ತಿದ್ದ ಚೆಂದಕ್ಕೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರಂತೆ, ಅಪ್ಪ ಇಟ್ಟ ಹೆಸರು ಅದು. ಅಮ್ಮ ತೀರಿಕೊಂಡಾಗ ಪಿಟೀಲಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅಲ್ಲಿಂದ ತಲೆ ಬಾಚಿದ್ದು, ಶಾಲೆಗೆ ಬಿಟ್ಟದ್ದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಟ್ಟದ್ದು ಎಲ್ಲ ಅಕ್ಕನೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ 'ಇವಳೊಂದು ದಡ ಸೇರಲಿ' ಎಂದು ಮುಂದೂಡುತ್ತಾ ಹೋದಳು. ಕೊನೆಗೆ ಆ ಮಾತು ತಾನಾಗಿಯೇ ನಿಂತುಹೋಯಿತು.

ಪಿಟೀಲು ಬಾಯಿಬಡಕಿ. ಹತ್ತು ಮಾತಿಗೆ ಹನ್ನೊಂದು ಜೋಡಿಸುವವಳು. ಆದರೆ ಸುಳ್ಳು ಹೇಳಲು ಮಾತ್ರ ಬರುತ್ತಿರಲಿಲ್ಲ. ಸುಳ್ಳು ನಾಲಿಗೆಗೆ ಬಂದ ಕೂಡಲೇ ಬಲಗೈ ತನ್ನಷ್ಟಕ್ಕೆ ತಾನು ಎದ್ದುಹೋಗಿ ಕಿವಿಯ ಹಾಲೆಯನ್ನು ಹಿಡಿದುಕೊಳ್ಳುತ್ತಿತ್ತು. "ನಿನ್ನ ಪೆನ್ಸಿಲ್ ನಾನು ಕಚ್ಚಿಲ್ಲ", ಕೈ ಕಿವಿಗೆ. "ಹಾಲು ಪೂರ್ತಿ ಕುಡಿದೆ", ಕೈ ಕಿವಿಗೆ. ದೊಡ್ಡವಳಾದ ಮೇಲೂ ಆ ಕೈಗೆ ಬುದ್ಧಿ ಬರಲಿಲ್ಲ. "ನಿಮ್ಮಾಫೀಸಲ್ಲಿ ನಿನ್ನ ಪಕ್ಕ ಕೂರ್ತಾನಲ್ಲ, ಅವನ ಮೇಲೆ ನಂಗೇನೂ ಇಲ್ಲ ಕಣೇ" ಎಂದ ದಿನ ಕೈ ಎಲ್ಲಿತ್ತು ಎಂದು ಹೇಳಬೇಕಾಗಿಲ್ಲ. ಆರು ತಿಂಗಳಿಗೆ ಮದುವೆಯಾಯಿತು.

ಅಕ್ಕನ ಪಕ್ಕ ಕೂರುತ್ತಿದ್ದವನನ್ನು ಕಚೇರಿಯೆಲ್ಲ ಮೌನಿ ಎನ್ನುತ್ತಿತ್ತು. ದಿನಕ್ಕೆ ನಾಲ್ಕು ಮಾತು, ಅದರಲ್ಲೂ ಎರಡು 'ಹ್ಞೂಂ'. ಇವನೂ ಪಿಟೀಲೂ ಹೇಗೆ ಸಂಸಾರ ಮಾಡುತ್ತಾರೋ ಎಂದು ಎಲ್ಲರೂ ನಕ್ಕಿದ್ದರು. ಮಾಡಿದರು, ಚೆನ್ನಾಗಿಯೇ ಮಾಡಿದರು, ಮೂರು ವರ್ಷ. ಆಮೇಲೆ ಪಿಟೀಲಿಗೆ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳು ಏಳತೊಡಗಿದವು.

ಮಜ್ಜೆಯೇ ಕೆಟ್ಟಿದೆ, ಒಡಹುಟ್ಟಿದವರದು ಹೊಂದುವ ಸಂಭವ ಹೆಚ್ಚು ಎಂದರು ಡಾಕ್ಟರು. ಅಕ್ಕ ಅಂದೇ ಕೆನ್ನೆಗೆ ಕಡ್ಡಿ ಆಡಿಸಿಕೊಂಡಳು. ಹತ್ತಕ್ಕೆ ಐದು ಹೊಂದಿತು, ಡಾಕ್ಟರು ಸಾಲದು ಎಂದರು. ಇಡೀ ಬದುಕು ತೇಯ್ದು ಬೆಳೆಸಿದ ತಂಗಿಗೆ ತನ್ನ ಮೈ ಅರ್ಧ ಮಾತ್ರ ಹೊಂದುತ್ತದೆ ಎಂದು ಕೇಳಿ ಅಕ್ಕನಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಇನ್ನು ಉಳಿದದ್ದು ಕೋಷ್ಟಕ.

ಆಗ ಕಚೇರಿಯಲ್ಲಿದ್ದ ಯಂತ್ರಕ್ಕೆ ವಯಸ್ಸಾಗಿತ್ತು. ಅಷ್ಟೂ ಸಾಲುಗಳನ್ನು ಒಟ್ಟಿಗೆ ಹೋಲಿಸು ಎಂದರೆ ಹತ್ತು ನಿಮಿಷ ಏದುಸಿರು ಬಿಟ್ಟು, ಸಮಯ ಮೀರಿತು ಎಂದು ಕೈಚೆಲ್ಲುತ್ತಿತ್ತು. ಅದಕ್ಕೆ ಈ ಕೆಲಸದವರೆಲ್ಲ ಮಾಡುವ ಉಪಾಯ ಒಂದಿದೆ, ನಂಬರಿನ ಮೇಲೆ ತುಂಡು ಮಾಡಿಕೊಳ್ಳುವುದು. ಇಷ್ಟನೇ ನಂಬರಿನಿಂದ ಇಷ್ಟನೇ ನಂಬರಿನ ತನಕ ಮಾತ್ರ ನೋಡು ಎಂದರೆ ಯಂತ್ರ ಬೇರೆಲ್ಲೂ ತಡಕಾಡದೆ ಸೀದಾ ಅಲ್ಲಿಗೇ ಹೋಗಿ ನೋಡಿ ಬರುತ್ತದೆ. ಇಪ್ಪತ್ತು ಸಾವಿರಕ್ಕೊಂದು ತುಂಡು. ಮೊದಲ ಅರ್ಧ ಅಕ್ಕನಿಗೆ, ಉಳಿದರ್ಧ ಮೌನಿಗೆ ಎಂದಾಯಿತು. ಅಕ್ಕ ಒಂದು ಹಳದಿ ಚೀಟಿಯ ಮೇಲೆ 4,00,000 ಎಂದು ಬರೆದು ಮೌನಿಯ ಪರದೆಗೆ ಅಂಟಿಸಿ, "ಗಡಿ ಇದು ಕಣಪ್ಪಾ" ಎಂದಳು. ಅವನು "ಹ್ಞೂಂ" ಎಂದ.

ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು. ಒಂದೊಂದು ತುಂಡು ಮುಗಿದಾಗಲೂ ಪರದೆಯ ಮೇಲೆ ಅದೇ ಉತ್ತರ: ಹೊಂದುವ ಸಾಲು ಸೊನ್ನೆ. ಎರಡನೇ ದಿನ ಸಂಜೆ ಐದಕ್ಕೆ ಮೌನಿ ಕೊನೆಯ ತುಂಡು ಮುಗಿಸಿ ಕುರ್ಚಿ ಹಿಂದಕ್ಕೆ ತಳ್ಳಿದ. ಅಕ್ಕ ಇಬ್ಬರೂ ನೋಡಿದ ಸಾಲುಗಳನ್ನು ಕೂಡಿಸಿದಳು. ಕೋಷ್ಟಕದ ಒಟ್ಟು ಸಾಲಿಗಿಂತ ಒಂದು ಕಡಿಮೆ ಬಂತು.

ಒಂದು. ಅಕ್ಕ ಅದನ್ನು ನೋಡಿದಳು. ಮಧ್ಯಾಹ್ನ ಯಾರೋ ಹೊಸಬರು ಸೇರಿರಬೇಕು, ಅಥವಾ ಯಾರೋ ಹೆಸರು ತೆಗೆಸಿ ಇನ್ಯಾರೋ ಇಬ್ಬರು ಸೇರಿರಬೇಕು, ದಿನಾ ಆಗುವುದೇ ಅಲ್ಲವೇ ಎಂದುಕೊಂಡಳು. ತಲೆ ಸಿಡಿಯುತ್ತಿತ್ತು. ಆಸ್ಪತ್ರೆಗೆ ಹೋಗಬೇಕಿತ್ತು. ಕಂಪ್ಯೂಟರ್ ಆರಿಸಿದಳು.

ಆಮೇಲೆ ವಾರಕ್ಕೊಮ್ಮೆ ಹೊಸದಾಗಿ ಸೇರಿದವರನ್ನು ಮಾತ್ರ ನೋಡುತ್ತಿದ್ದರು. ಕಳೆದ ವಾರದ ಕೊನೆಯ ನಂಬರಿಗಿಂತ ಮುಂದಿನವರು. ಹಳಬರನ್ನು ಒಮ್ಮೆ ನೋಡಿ ಆಗಿತ್ತಲ್ಲ.

ಔಷಧಿಯ ಮೇಲೆ ಪಿಟೀಲು ಐದು ತಿಂಗಳು ದೂಡಿದಳು. ಕೂದಲು ಹೋಯಿತು, ಹುಬ್ಬು ಹೋಯಿತು, ಬಾಯಿ ಮಾತ್ರ ಹೋಗಲಿಲ್ಲ. ಕಣ್ಣಿಗೆ ಆಯಾಸವೆಂದು ಪುಸ್ತಕ ಓದಿ ಹೇಳಿಸಿಕೊಳ್ಳುತ್ತಿದ್ದಳು. ಒಂದು ದಪ್ಪ ಪತ್ತೇದಾರಿ ಕಾದಂಬರಿ. ಬೆಳಿಗ್ಗೆ ಕಚೇರಿಗೆ ಮುಂಚೆ ಅಕ್ಕ ಮೌನಿಯರಲ್ಲಿ ಒಬ್ಬರು, ಸಂಜೆ ಇನ್ನೊಬ್ಬರು. ಪುಟದ ಮೂಲೆ ಮಡಚಿದರೆ ಪಿಟೀಲಿಗೆ ಆಗದು. ಅದಕ್ಕೆ ಓದಿ ನಿಲ್ಲಿಸಿದವರು ಔಷಧಿ ಚೀಟಿಯ ಹಿಂದೆ ಪುಟದ ನಂಬರು ಬರೆದಿಟ್ಟು ಹೋಗುವುದು.

ಒಂದು ಮಂಗಳವಾರ ಬೆಳಿಗ್ಗೆ ಅಕ್ಕ ಬಟ್ಟೆಯ ಚೀಲ ಕೊಡಲೆಂದು ಆಸ್ಪತ್ರೆಯ ಕೋಣೆಗೆ ಬಂದಾಗ ಮೌನಿ ಓದುತ್ತಿದ್ದ, ಪಿಟೀಲು ಕೈ ಎತ್ತಿ ನಿಲ್ಲಿಸಿದ್ದಳು.

"ತಡಿ ತಡಿ. ಆ ಮುದುಕಿ ಯಾವಾಗ ಸತ್ಲು? ನಿನ್ನೆ ಅಕ್ಕ ಓದೋವಾಗ ಬದುಕಿದ್ಲಲ್ಲೋ!"

ಚೀಟಿ ತೆಗೆದು ನೋಡಿದರು. ಹಿಂದಿನ ಸಂಜೆ ಅಕ್ಕ 122 ಎಂದು ಬರೆದಿದ್ದಳು. ಮೌನಿ 123ರಿಂದ ಶುರು ಮಾಡಿದ್ದ.

"ನಾನು ಬರೆಯೋದು ಮುಂದೆ ಓದಬೇಕಾದ ಪುಟ ಕಣಪ್ಪಾ" ಎಂದಳು ಅಕ್ಕ.

"ನಾನು ಬರೆಯೋದು ಓದಿ ಮುಗಿಸಿದ ಪುಟ" ಎಂದ ಮೌನಿ.

ಪಿಟೀಲು ಕೆಮ್ಮುವವರೆಗೂ ನಕ್ಕಳು. "ಅದಕ್ಕೇ ಅವನಾದ ಮೇಲೆ ನೀನು ಓದಿದ್ರೆ ಒಂದು ಪುಟ ಎರಡು ಸಲ ಬರುತ್ತೆ. ನೀನಾದ ಮೇಲೆ ಅವನು ಓದಿದ್ರೆ ಒಂದು ಪುಟ ಕಾಣೆ! ಇಬ್ಬರೂ ಸರಿಯಾಗೇ ಇದ್ದೀರ, ಮಧ್ಯದಲ್ಲಿ ಸಿಕ್ಕಿಕೊಂಡವರ ಕತೆ ಮಾತ್ರ ಮುಗೀತು. ಪಾಪ, ಮುದುಕಿ!"

ಅಕ್ಕನೂ ನಕ್ಕಳು. ಮೌನಿ ನಗಲಿಲ್ಲ. ಅವನ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತು. ಪುಸ್ತಕವನ್ನು ಹಾಸಿಗೆಯ ಮೇಲಿಟ್ಟು ಎದ್ದು ಹೋದ. ದಿನದಿಂದ ದಿನಕ್ಕೆ ಸೊರಗುವ ಹೆಂಡತಿ ಹೀಗೆ ನಗುವುದನ್ನು ನೋಡಲಾರದೆ ಹೋದ ಎಂದುಕೊಂಡಳು ಅಕ್ಕ. ಆ ದಿನ ತಂಗಿಯ ಹತ್ತಿರ ತಾನೇ ರಜೆ ಹಾಕಿ ಕೂತಳು. ಸಂಜೆ ನಾಲ್ಕಕ್ಕೆ ಮೌನಿ ವಾಪಸ್ ಬಂದಾಗ ಗಂಡಹೆಂಡತಿ ಇರಲಿ ಎಂದು ಎದ್ದು ಮನೆಗೆ ನಡೆದಳು.

ಗುರುವಾರ ಪಿಟೀಲು ಅಕ್ಕನನ್ನು ಹತ್ತಿರ ಕರೆದಳು. ಆ ಹೊತ್ತಿಗೆ ಶ್ವಾಸಕೋಶಕ್ಕೆ ಸೋಂಕು ಇಳಿದಿತ್ತು, ಎರಡು ಮಾತಿಗೊಮ್ಮೆ ನಿಲ್ಲಬೇಕಿತ್ತು. ಅಕ್ಕನ ಎರಡೂ ಕೈಗಳನ್ನು ತನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕಾ, ಎಂಟು ಲಕ್ಷ ಜನಾನ ನೋಡಿದ್ಯಲ್ಲೇ ನಂಗೋಸ್ಕರ. ಒಬ್ಬರನ್ನೂ ಬಿಟ್ಟಿಲ್ಲ ನೀನು. ನಂಗೊತ್ತು. ಇದ್ದಿದ್ರೆ ನಿನ್ನ ಕಣ್ಣಿಗೆ ಬೀಳದೆ ಎಲ್ಲಿ ಹೋಗ್ತಿದ್ರು? ನೀನು ಮಾಡಬೇಕಾದ್ದೆಲ್ಲ ಮಾಡಿದ್ದೀಯ. ಕೊರಗಬೇಡ, ಆಯ್ತಾ?"

ಮುಂದಿನ ಗುರುವಾರ ಪಿಟೀಲು ಇರಲಿಲ್ಲ.

ಸುಳ್ಳು ಹೇಳಲು ಬಾರದ ತಂಗಿ ಹೇಳಿದ ಮಾತು ಅದು. ಅಕ್ಕನ ಊರುಗೋಲು ಅದೇ.

ಎಂಟು ತಿಂಗಳು ಕಳೆದು ಕಚೇರಿಗೆ ಹೊಸ ಯಂತ್ರ ಬಂತು. ತುಂಡು ಗಿಂಡು ಏನೂ ಬೇಡ, ಇಡೀ ಕೋಷ್ಟಕವನ್ನು ಅರ್ಧ ನಿಮಿಷದಲ್ಲಿ ಜಾಲಾಡಿ ಉತ್ತರ ಕೊಡುವಂಥದ್ದು. ಬಂದ ಮೂರನೇ ದಿನ ಬೆಳಿಗ್ಗೆ ಒಂದು ಆಸ್ಪತ್ರೆಯಿಂದ ಕೋರಿಕೆ ಬಂತು, ಹನ್ನೊಂದು ವರ್ಷದ ಹುಡುಗಿಗೆ. ಅಕ್ಕ ಅವಳ ಹತ್ತು ಗುರುತುಗಳನ್ನು ಒಂದೊಂದಾಗಿ ತುಂಬಿಸಿದಳು. ನಾಲ್ಕನೆಯದು ತುಂಬಿಸುವಾಗ ಬೆರಳು ತಡೆಯಿತು. ಏಳನೆಯದಕ್ಕೆ ಕಾಗದ ನೋಡುವುದನ್ನೇ ಬಿಟ್ಟಳು, ಅದು ಬಾಯಿಪಾಠವಾಗಿತ್ತು. ಹತ್ತಕ್ಕೆ ಹತ್ತೂ ಪಿಟೀಲಿನವೇ.

ಅಯ್ಯೋ ಮಗುವೇ, ನಿನಗೂ ಯಾರೂ ಇಲ್ಲವಲ್ಲೇ ಎಂದುಕೊಂಡಳು ಅಕ್ಕ. ಇಲ್ಲ ಎಂದು ಗೊತ್ತಿದ್ದೂ, ಕೆಲಸ ಕೆಲಸವೇ ಎಂದು ಗುಂಡಿ ಒತ್ತಿದಳು.

ಹೊಂದುವ ಸಾಲು ಒಂದು, ಎಂದಿತು ಯಂತ್ರ.

ನಂಬರು 4,00,000. ವಯಸ್ಸು ಇಪ್ಪತ್ತಾರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೇರಿ ನಾಲ್ಕು ವರ್ಷವಾಗಿತ್ತು. ಕೊನೆಯ ಖಾನೆಯಲ್ಲಿ ಅವನೇ ಹೇಳಿ ಬರೆಸಿದ್ದು: ಯಾವಾಗ ಬೇಕಾದರೂ ಕರೆಯಿರಿ, ಬರುತ್ತೇನೆ.

ನಾಲ್ಕು ವರ್ಷ. ಎಂದರೆ ಪಿಟೀಲಿಗೆ ಬೇಕಾದಾಗಲೂ ಇವನು ಇದ್ದ. ಇಲ್ಲೇ, ಈ ಕೋಷ್ಟಕದಲ್ಲೇ, ಬರುತ್ತೇನೆ ಎಂದು ಬರೆಸಿಕೊಂಡು ಕೂತಿದ್ದ.

ಅವಳು ಮೊದಲು ಮಾಡಿದ್ದು ಆ ಹುಡುಗಿಯ ಆಸ್ಪತ್ರೆಗೆ ಫೋನು. ದಾನಿ ಸಿಕ್ಕಿದ್ದಾರೆ, ಕಾಗದ ಈಗಲೇ ಕಳಿಸುತ್ತೇನೆ ಎಂದಳು. ಆ ಕಡೆಯವರು ಸಂತೋಷಕ್ಕೆ ಏನೇನೋ ಅಂದರು, ಅದೊಂದೂ ತಲೆಗೆ ಹೋಗಲಿಲ್ಲ. ಕಾಗದ ಕಳಿಸಿದಳು. ಆಮೇಲೆ ಹಳೆಯ ಯಂತ್ರದ ದಿನಚರಿ ತೆರೆದಳು. ಯಾರು ಯಾವ ದಿನ ಏನು ಕೇಳಿದರು ಎನ್ನುವುದೆಲ್ಲ ಅದರಲ್ಲಿ ಬರೆದಿಟ್ಟಿರುತ್ತದೆ.

ಅಕ್ಕನ ಕೊನೆಯ ತುಂಡು: ಮೂರು ಲಕ್ಷ ಎಂಬತ್ತು ಸಾವಿರದಿಂದ ಹಿಡಿದು, ನಾಲ್ಕು ಲಕ್ಷಕ್ಕಿಂತ ಕಡಿಮೆ. ಮೌನಿಯ ಮೊದಲ ತುಂಡು: ನಾಲ್ಕು ಲಕ್ಷಕ್ಕಿಂತ ಹೆಚ್ಚು.

ಚೀಟಿಯ ಮೇಲಿನ ನಂಬರು ಅವಳಿಗೆ ಮುಂದೆ ನೋಡಬೇಕಾದದ್ದು, ಅವನಿಗೆ ನೋಡಿ ಮುಗಿಸಿದ್ದು. ನಾಲ್ಕು ಲಕ್ಷದವನು ಅವಳ ಪಾಲಿಗೂ ಬರಲಿಲ್ಲ, ಅವನ ಪಾಲಿಗೂ ಬರಲಿಲ್ಲ. ಒಂದು ಕಡಿಮೆ ಬಂದಿತ್ತು. ಅವಳೇ ಎಣಿಸಿದ್ದಳು, ಅವಳೇ ನೋಡಿದ್ದಳು, ಅವಳೇ ಕಂಪ್ಯೂಟರ್ ಆರಿಸಿ ಎದ್ದು ಹೋಗಿದ್ದಳು.

ಇನ್ನೂ ಕೆಳಗೆ ಹೋದಳು. ಆ ಸಾಲನ್ನು ಮತ್ಯಾರಾದರೂ ತೆರೆದಿದ್ದಾರೆಯೇ? ಒಂದೇ ಒಂದು ಸಲ. ನಂಬರು ನಾಲ್ಕು ಲಕ್ಷ, ಅದೊಂದೇ. ಕೇಳಿದವನು ಮೌನಿ. ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಪಿಟೀಲು ಹೋಗುವುದಕ್ಕೆ ಎಂಟು ದಿನ ಮುಂಚೆ.

ಅಕ್ಕ ಎದ್ದು ಮೌನಿಯ ಕುರ್ಚಿಯ ಹಿಂದೆ ನಿಂತಳು. "ಹೊರಗೆ ಬಾ" ಎಂದಳು. ಮೆಟ್ಟಿಲ ಹತ್ತಿರ, ಟೀ ಯಂತ್ರ ಇಟ್ಟಿರುವ ಕಡೆ, ಯಾರೂ ಇರಲಿಲ್ಲ.

"ನಾಲ್ಕು ಲಕ್ಷ" ಎಂದಳು. ಅಷ್ಟೇ ಸಾಕಾಯಿತು. ಮೌನಿ ಗೋಡೆಗೆ ಒರಗಿ, ಹಾಗೇ ಜಾರಿ ಮೆಟ್ಟಿಲ ಮೇಲೆ ಕೂತ.

"ಗೊತ್ತಿತ್ತು ನಿಂಗೆ!" ಅಕ್ಕನ ಗಂಟಲು ಏರಿತು. "ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆ. ಅವಳು ಬದುಕಿದ್ಲು ಆಗ! ಎಂಟು ದಿನ ಬದುಕಿದ್ಲು! ಅವನನ್ನ ಕರೆಸ್ಬೇಕಿತ್ತು ನೀನು, ಕೈಕಾಲು ಹಿಡಿದು ಎಳ್ಕೊಂಡು ಬರಬೇಕಿತ್ತು!"

"ಇಲ್ಲಿಂದಾನೇ ಡಾಕ್ಟರಿಗೆ ಫೋನ್ ಮಾಡಿದೆ ಅಕ್ಕಾ. ಅವತ್ತೇ. ಆಮೇಲೆ ಅವರ ಹತ್ರಾನೇ ಹೋದೆ." ಮೌನಿ ನೆಲ ನೋಡಿಕೊಂಡು ಹೇಳಿದ. "ಎದೆಗೆ ಸೋಂಕಾಗಿದೆ, ಈಗ ಕೊಟ್ರೆ ಮೈ ತಡ್ಕೊಳ್ಳಲ್ಲ ಅಂದ್ರು. ಎರಡು ತಿಂಗಳು ಮುಂಚೆ ಸಿಕ್ಕಿದ್ರೆ ಖಂಡಿತ ಆಗ್ತಿತ್ತು ಅಂದ್ರು. ನಾನು ಅವರ ಕಾಲಿಗೆ ಬಿದ್ದೆ. ಎಬ್ಬಿಸಿ ಕೂರಿಸಿ, ನೀರು ಕೊಟ್ರು."

ಇವನು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಅಕ್ಕ ಕೇಳಿಯೇ ಇರಲಿಲ್ಲ. ಅವಳ ಸಿಟ್ಟು ಎಲ್ಲೋ ಸೋರಿಹೋಯಿತು. ಅವನ ಪಕ್ಕದಲ್ಲಿ ಕೂತಳು.

"ಆದ್ರೂ ನಂಗೆ ಹೇಳ್ಬೇಕಿತ್ತು ಕಣಪ್ಪಾ. ಎಂಟು ತಿಂಗಳಿಂದ ಒಬ್ಬನೇ ಹೊತ್ಕೊಂಡಿದ್ದೀಯಲ್ಲ. ನಾನು ದಿನಾ ನಿನ್ನೆದುರಿಗೆ, 'ಒಬ್ಬರನ್ನೂ ಬಿಟ್ಟಿಲ್ಲ' ಅಂತ ಹೇಳ್ತಾ ಇದ್ದೆ. ಕೇಳಿಸ್ಕೊಂಡು ಸುಮ್ಮನಿದ್ಯಲ್ಲ."

"ಹೇಳಬಾರ್ದು ಅಂತ ಮಾತು ತಗೊಂಡಿದ್ಲು."

"ಯಾರು?"

ಮೌನಿ ತಲೆ ಎತ್ತಿ ಅಕ್ಕನ ಮುಖ ನೋಡಿದ.

"ಅವಳಿಗೆ ಗೊತ್ತಿತ್ತಾ?" ಅಕ್ಕನ ದನಿ ಅವಳಿಗೇ ಕೇಳಿಸಲಿಲ್ಲ.

"ಅವಳೇ ಕಂಡುಹಿಡಿದಿದ್ದು ಅಕ್ಕಾ. ಪುಟ ಕಾಣೆ ಅಂತ ನಕ್ಕಳಲ್ಲ, ಆಗ್ಲೇ ನಂಗೆ ಹಳದಿ ಚೀಟಿ ನೆನಪಾಗಿದ್ದು. ನಾನು ವಾಪಸ್ ಬಂದು ಬಾಗಿಲಲ್ಲಿ ನಿಂತ ಕೂಡ್ಲೇ ಅವಳೂ ಮುಖ ನೋಡಿ ಹಿಡಿದುಬಿಟ್ಲು. ನೀವು ಮೆಟ್ಟಿಲು ಇಳಿದಿರ್ಲಿಲ್ಲ ಇನ್ನೂ. 'ಒಬ್ಬರು ಬಿಟ್ಟುಹೋಗಿದ್ರಾ?' ಅಂದ್ಲು. ಎಲ್ಲಾ ಹೇಳ್ದೆ. ಅಳಲಿಲ್ಲ. ಆಮೇಲೆ, 'ಅಕ್ಕಂಗೆ ಗೊತ್ತಾಗಬಾರ್ದು' ಅಂದ್ಲು. 'ನನ್ನ ಸಾಕಿದ್ದು ಬಿಟ್ರೆ ಅವಳು ಮಾಡಿದ್ದು ಈ ಕೆಲಸ ಒಂದೇ. ಎರಡೂ ಒಂದೇ ದಿನ ಕಳ್ಕೊಂಡ್ರೆ ಅವಳು ಉಳಿಯಲ್ಲ. ನಾನು ಅವಳ ಹತ್ರ ಮಾತಾಡ್ತೀನಿ, ನೀನು ಬಾಯಿ ಬಿಡಬೇಡ' ಅಂದ್ಲು."

ಮೌನಿ ಮೊಣಕಾಲಿಗೆ ಹಣೆ ಹಚ್ಚಿಕೊಂಡ. "ಆಮೇಲೆ ಬಿಟ್ಟುಹೋದ ಪುಟ ಓದಿಸ್ಕೊಂಡ್ಲು. ನೂರ ಇಪ್ಪತ್ತೆರಡು."

"ಏನಿತ್ತು ಅದರಲ್ಲಿ?" ಏಕೆ ಕೇಳಿದಳೋ ಅಕ್ಕನಿಗೇ ತಿಳಿಯದು.

"ಮುದುಕಿ ಸಾಯೋದು ಅಷ್ಟೇ. ನಿದ್ದೆಯಲ್ಲಿ ಹೋಗ್ತಾಳೆ. 'ನೋಡು, ಒಳ್ಳೆ ಸಾವು, ಸುಮ್ನೆ ಪಾಪ ಅಂದ್ಬಿಟ್ಟೆ' ಅಂತ ನಕ್ಕಳು."

ಟೀ ಕುಡಿಯಲು ಬಂದ ಯಾರೋ ಇವರಿಬ್ಬರನ್ನು ನೋಡಿ ಹಾಗೇ ಹಿಂತಿರುಗಿ ಹೋದರು. ಅಕ್ಕ ಅಳುತ್ತಿದ್ದಳು. ತಂಗಿ ಸತ್ತ ದಿನವೂ ಅವಳು ಹೀಗೆ ಅತ್ತಿರಲಿಲ್ಲ.

ಮಂಗಳವಾರ ತಿಳಿದಿತ್ತು ಪಿಟೀಲಿಗೆ. 'ಒಬ್ಬರನ್ನೂ ಬಿಟ್ಟಿಲ್ಲ ನೀನು' ಎಂದದ್ದು ಗುರುವಾರ.

ಆದರೆ ಅವಳ ಕೈ ಕಿವಿಗೆ ಹೋಗಿರಲಿಲ್ಲ. ಅಕ್ಕನಿಗೆ ಅದು ಚೆನ್ನಾಗಿ ನೆನಪಿತ್ತು, ಎಂಟು ತಿಂಗಳು ಆ ಮಾತನ್ನು ನಂಬಿದ್ದೇ ಅದಕ್ಕೆ. ಅವಳು ತನ್ನ ಎರಡು ಕೈಗಳನ್ನು ಮಡಿಲಲ್ಲಿ ಬಿಡಿಸಿ ನೋಡಿಕೊಂಡಳು. ಇವನ್ನೇ ಪಿಟೀಲು ಅಂದು ಹಿಡಿದುಕೊಂಡದ್ದು, ಎರಡೂ ಕೈಯಲ್ಲಿ, ಸೂಜಿ ಚುಚ್ಚಿದ್ದ ಬಲಗೈಯನ್ನೂ ಸೇರಿಸಿ, ನೋಯುವಷ್ಟು ಬಿಗಿಯಾಗಿ. ಪಾಪ, ನಿತ್ರಾಣಕ್ಕೆ ಆಸರೆ ಹುಡುಕುತ್ತಿದ್ದಾಳೆ ಎಂದುಕೊಂಡಿದ್ದಳು ಅಕ್ಕ. ಮಾತು ಪೂರ್ತಿ ಮುಗಿಯುವ ತನಕ ಪಿಟೀಲು ಆ ಕೈ ಬಿಟ್ಟಿರಲಿಲ್ಲ.